ಆಟದ ಹ್ಯಾಂಡ್‌ಬಿಲ್‌ನಿಂದ ಹುಲಿವೇಷದ ಪಟ್ಟೆಯವರೆಗೆ: ಚಿತ್ರವನ್ನು ಕಣ್ಣು ಓದುವ ಬಗೆ

ದೀಪಾವಳಿ ಕಳೆದು ಯಕ್ಷಗಾನ ಮೇಳಗಳು ತಿರುಗಾಟಕ್ಕೆ ಹೊರಟವೆಂದರೆ ಮಂಗಳೂರು, ಉಡುಪಿ ಕಡೆಯವರ ಫೋನಿಗೆ ಹ್ಯಾಂಡ್‌ಬಿಲ್‌ಗಳ ಮಳೆ. ಸೇವೆಯಾಟ (ಹರಕೆಯ ಯಕ್ಷಗಾನ), ದೈವದ ನೇಮ, ಬ್ರಹ್ಮಕಲಶ, ಭಜನಾ ಮಂದಿರದ ವಾರ್ಷಿಕೋತ್ಸವ, ಒಕ್ಕಲು ಅಂದರೆ ಗೃಹಪ್ರವೇಶ. ಹಿಂದೆ ಇವನ್ನೆಲ್ಲ ಪೇಟೆಯ ಪ್ರೆಸ್ಸಿನ ಡಿಟಿಪಿಯವರು ಮಾಡಿಕೊಡುತ್ತಿದ್ದರು. ಈಗ ಆ ಕೆಲಸ ಸಮಿತಿಯಲ್ಲಿ ಫೋನು ಚೆನ್ನಾಗಿ ಬಳಸಬಲ್ಲ ಒಬ್ಬ ಹುಡುಗನ ಇಲ್ಲವೇ ಹುಡುಗಿಯ ಪಾಲಿಗೆ ಬಂದಿದೆ. ಆ್ಯಪ್ ಇದೆ, ಬೇಕಾದಷ್ಟು ಟೆಂಪ್ಲೇಟ್‌ಗಳಿವೆ. ಆದರೂ ಮಾಡಿದ್ದನ್ನು ನೋಡಿದವರು "ಏನೋ ಸರಿ ಕಾಣುವುದಿಲ್ಲ ಮಾರಾಯ" ಎನ್ನುತ್ತಾರೆ. ಏನು ಸರಿಯಿಲ್ಲ ಎಂದು ಕೇಳಿದರೆ ಅವರಿಗೂ ಹೇಳಲು ಬರುವುದಿಲ್ಲ, ಮಾಡಿದವರಿಗೂ ಗೊತ್ತಾಗುವುದಿಲ್ಲ.

ಅದನ್ನು ಹೇಳುವ ಪದಗಳು ಚಿತ್ರಕಲೆಯಲ್ಲಿ ಇವೆ. ಅವುಗಳಲ್ಲಿ ಒಂದು ಗುಂಪಿಗೆ ಮೂಲಾಂಶಗಳೆಂದೂ ಇನ್ನೊಂದಕ್ಕೆ ರಚನೆಯ ತತ್ವಗಳೆಂದೂ ಹೆಸರು.

ಸಾಮಗ್ರಿ ಬೇರೆ, ಹದ ಬೇರೆ

ತೆಂಗಿನಕಾಯಿ, ಒಣಮೆಣಸು, ಕೊತ್ತಂಬರಿ, ಹುಣಸೆಹುಳಿ ಎಲ್ಲ ಅಡುಗೆಮನೆಯಲ್ಲಿದ್ದ ಮಾತ್ರಕ್ಕೆ ಗಸಿ ಆಗಿಬಿಡುವುದಿಲ್ಲ. ಎಷ್ಟು ಹುರಿಯಬೇಕು, ಎಷ್ಟು ನುಣ್ಣಗೆ ಅರೆಯಬೇಕು, ಯಾವುದರ ರುಚಿ ಮುಂದೆ ನಿಲ್ಲಬೇಕು ಎಂಬ ಹದ ಬೇಕು. ಚಿತ್ರದಲ್ಲಿ ಗೆರೆ, ಆಕಾರ, ರೂಪ, ಛಾಯೆ, ಬಣ್ಣ, ಮೇಲ್ಮೈ, ಜಾಗ ಇವು ಸಾಮಗ್ರಿ. ಇವೇ ಮೂಲಾಂಶಗಳು. ಸಮತೋಲನ, ವೈದೃಶ್ಯ, ಪ್ರಾಧಾನ್ಯ, ಲಯ, ಪ್ರಮಾಣ, ಏಕತೆ ಇವು ಹದ. ಇವೇ ತತ್ವಗಳು. ಪುಸ್ತಕದಿಂದ ಪುಸ್ತಕಕ್ಕೆ ಪಟ್ಟಿ ಸ್ವಲ್ಪ ಹೆಚ್ಚು ಕಡಿಮೆ ಆಗುತ್ತದೆ, ಅದಕ್ಕೆ ತಲೆ ಕೆಡಿಸಿಕೊಳ್ಳಬೇಕಾಗಿಲ್ಲ. ನಮ್ಮಲ್ಲೂ ಹಳೆಯ ಪಟ್ಟಿಯೊಂದಿದೆ. ಕಾಮಸೂತ್ರದ ಟೀಕಾಕಾರ ಯಶೋಧರ ಚಿತ್ರಕ್ಕೆ ಆರು ಅಂಗಗಳನ್ನು ಹೇಳಿದ್ದಾನೆ: ರೂಪಭೇದ, ಪ್ರಮಾಣ, ಭಾವ, ಲಾವಣ್ಯಯೋಜನೆ, ಸಾದೃಶ್ಯ, ವರ್ಣಿಕಾಭಂಗ. ಈಗಿನ ಪಟ್ಟಿಯ ಬಹುಪಾಲು ಅದರಲ್ಲೇ ಅಡಗಿದೆ.

ಗೆರೆ: ಹುಲಿಯ ಮೈಯಲ್ಲಿ ನೋಡಿ

ಚುಕ್ಕಿಯೊಂದು ಚಲಿಸಿದ ಜಾಡೇ ಗೆರೆ. ಅಡ್ಡಗೆರೆ ಮಲಗಿದಂತೆ ಶಾಂತ, ನೆಟ್ಟಗಿನ ಗೆರೆ ನಿಂತಂತೆ ಗಟ್ಟಿ, ಓರೆಗೆರೆ ಬೀಳುವಂತೆಯೋ ಓಡುವಂತೆಯೋ ಚುರುಕು. ಇಷ್ಟನ್ನು ಎಲ್ಲರೂ ಹೇಳುತ್ತಾರೆ. ಆದರೆ ಗೆರೆ ಮಾಡುವ ಇನ್ನೂ ದೊಡ್ಡ ಕೆಲಸವೊಂದಿದೆ. ಮೈ ಎಲ್ಲಿ ಉಬ್ಬಿದೆ, ಎಲ್ಲಿ ತಿರುಗಿದೆ ಎಂದು ಅದು ಹೇಳಬಲ್ಲದು. ನವರಾತ್ರಿಗೆ ಮಂಗಳೂರಲ್ಲಿ, ಅಷ್ಟಮಿಗೆ ಉಡುಪಿಯಲ್ಲಿ ಹುಲಿವೇಷಕ್ಕೆ ಬಣ್ಣ ಹಾಕುವಲ್ಲಿ ಸ್ವಲ್ಪ ಹೊತ್ತು ನಿಂತು ನೋಡಿದರೆ ಇದು ಸ್ಪಷ್ಟವಾಗುತ್ತದೆ.

ವೇಷಧಾರಿ ಕೈಗಳನ್ನು ಅಗಲಿಸಿ, ಉದ್ದನೆಯ ಕೋಲುಗಳನ್ನು ಹಿಡಿದು ನಿಂತಿರುತ್ತಾನೆ. ಕಂಕುಳು, ತೋಳು ಒಂದಕ್ಕೊಂದು ತಾಗಿದರೆ ಬಣ್ಣ ಎದ್ದುಹೋಗುತ್ತದೆ. ಮೊದಲು ಹಳದಿಯ ನೆಲೆ, ಅದು ಪೂರ್ತಿ ಒಣಗಿದ ಮೇಲೆ ಕಪ್ಪು ಪಟ್ಟೆ. ಅವಸರ ಮಾಡಿ ಹಸಿ ಹಳದಿಯ ಮೇಲೆ ಕುಂಚ ಆಡಿಸಿದರೆ ಪಟ್ಟೆಯ ಅಂಚು ಪಾಚಿಯ ಬಣ್ಣಕ್ಕೆ ತಿರುಗುತ್ತದೆ. ಹಳದಿಗೆ ಕಪ್ಪು ಬೆರೆತರೆ ಬರುವುದು ಕಡುಹಳದಿಯಲ್ಲ, ಕೊಳಕು ಹಸಿರು. ಜಲವರ್ಣ ಕಲಿಯುವ ಮಕ್ಕಳು ಹಳದಿಯ ನೆರಳಿಗೆ ಕಪ್ಪು ಸೇರಿಸಿ ಚಿತ್ರ ಕೆಡಿಸಿಕೊಳ್ಳುವುದೂ ಇದೇ ಕಾರಣಕ್ಕೆ. ಹಳದಿಯನ್ನು ಗಾಢ ಮಾಡಲು ಸ್ವಲ್ಪ ಕಂದು ಸೇರಿಸಿದರೆ ಸಾಕು.

ಈಗ ಪಟ್ಟೆಯನ್ನೇ ಹತ್ತಿರದಿಂದ ನೋಡಿ. ಕೈ ಪಳಗಿದ ಕಲಾವಿದ ತೊಡೆಯ ಮೇಲೆ ನೇರ ಗೆರೆ ಎಳೆಯುವುದಿಲ್ಲ. ತೊಡೆ ಸುತ್ತಿಕೊಂಡು ಹೋಗುವಂತೆ ಬಾಗಿಸಿ ಎಳೆಯುತ್ತಾನೆ. ಬೆನ್ನಲ್ಲಿ ಬೆನ್ನೆಲುಬಿನಿಂದ ಹೊರಟ ಪಟ್ಟೆ ಪಕ್ಕೆಲುಬಿನ ಜೊತೆ ಇಳಿಯುತ್ತದೆ. ಪ್ರತಿ ಪಟ್ಟೆಯೂ ನಡುವೆ ದಪ್ಪ, ಎರಡೂ ತುದಿಗೆ ಸಪೂರ. ಆದ್ದರಿಂದ ಹುಲಿ ಸೊಂಟ ತಿರುಗಿಸಿದಾಗ ಪಟ್ಟೆಗಳೂ ತಿರುಗಿ ಮೈಯ ಉಬ್ಬು ಇನ್ನಷ್ಟು ಎದ್ದು ಕಾಣುತ್ತದೆ. ಅದೇ ಪಟ್ಟೆಯನ್ನು ರಸ್ತೆಯ ಝೀಬ್ರಾ ಪಟ್ಟಿಯಂತೆ ನೇರವಾಗಿ, ಒಂದೇ ದಪ್ಪಕ್ಕೆ ಬಳಿದರೆ ಮೈ ಹಲಗೆಯಂತೆ ಚಪ್ಪಟೆ. ಬಣ್ಣ ಅದೇ, ಮೈಯೂ ಅದೇ. ಕೆಟ್ಟದ್ದು ಗೆರೆ ಮಾತ್ರ.

ಉಡುಪಿ ಬಳಿಯ ಕಟ್ಟಿಂಗೇರಿಯಲ್ಲಿ ಹುಟ್ಟಿದ ಕೆ.ಕೆ. ಹೆಬ್ಬಾರರು (1911–1996) ಗೆರೆಯ ಈ ಶಕ್ತಿಗೇ ಹೆಸರಾದವರು. ಅವರ ರೇಖಾಚಿತ್ರಗಳಲ್ಲಿ ಕುಣಿಯುವವರಿಗೆ ಬಣ್ಣವಿಲ್ಲ, ನೆರಳಿಲ್ಲ. ಕೆಲವೇ ಗೆರೆಗಳಲ್ಲಿ ಮೈಯ ಭಾರ ಯಾವ ಕಾಲ ಮೇಲಿದೆ ಎಂಬುದು ಗೊತ್ತಾಗಿಬಿಡುತ್ತದೆ.

ಆಕಾರ ಮತ್ತು ರೂಪ

ನೀರುದೋಸೆ ಆಕಾರ, ಎಲೆಯ ಕೊಟ್ಟೆಯಲ್ಲಿ ಬೇಯಿಸಿದ ಮೂಡೆ ರೂಪ. ಉದ್ದ ಅಗಲ ಮಾತ್ರ ಇದ್ದರೆ ಆಕಾರ, ದಪ್ಪವೂ ಸೇರಿದರೆ ರೂಪ. ಯಕ್ಷಗಾನದಲ್ಲಿ ಬಡಗುತಿಟ್ಟಿನ ಕೇದಗೆ ಮುಂದಲೆ ಎಂಬ ತಲೆಯುಡುಗೆ, ತೆಂಕುತಿಟ್ಟಿನ ಕಿರೀಟ ಇವನ್ನು ಬೆಳಕಿಗೆ ಅಡ್ಡವಾಗಿ ಬರಿಯ ಕಪ್ಪು ನೆರಳಾಗಿ ತೋರಿಸಿದರೂ ಊರಿನ ಮಕ್ಕಳು ಗುರುತು ಹಿಡಿಯುತ್ತಾರೆ. ಲೋಗೊ ಮಾಡಿಸುವವರಿಗೆ ಒಳ್ಳೆಯ ಪರೀಕ್ಷೆ ಇದು: ಇಡೀ ಚಿತ್ರಕ್ಕೆ ಕಪ್ಪು ತುಂಬಿ ನೋಡುವುದು. ಆಗಲೂ ಏನೆಂದು ತಿಳಿದರೆ ಆಕಾರ ಗಟ್ಟಿಯಿದೆ.

ಛಾಯೆ: ಒಂದು ಬೊಂಡ ಬಿಡಿಸುವುದು

ಬಣ್ಣ ಯಾವುದೇ ಇರಲಿ, ಅದು ಎಷ್ಟು ತಿಳಿ, ಎಷ್ಟು ಗಾಢ ಎಂಬುದೇ ಛಾಯೆ. ಏಳು ಮೂಲಾಂಶಗಳಲ್ಲಿ ಒಂದನ್ನು ಮಾತ್ರ ಕಲಿಯಲು ಸಮಯವಿದೆ ಎನ್ನುವವರು ಇದನ್ನೇ ಕಲಿಯಬೇಕು. ಬಣ್ಣ ತಪ್ಪಿದರೂ ಛಾಯೆ ಸರಿಯಿದ್ದರೆ ಚಿತ್ರ ನಿಲ್ಲುತ್ತದೆ. ಛಾಯೆ ತಪ್ಪಿದರೆ ಎಂಥ ಬಣ್ಣವೂ ಅದನ್ನು ಎತ್ತಿ ನಿಲ್ಲಿಸಲಾರದು.

ಕಲಿಯಲು ಒಂದು ಬೊಂಡ (ಎಳನೀರಿನ ಕಾಯಿ), ಕಿಟಕಿಯ ಬೆಳಕು, 2ಬಿ ಮತ್ತು 6ಬಿ ಪೆನ್ಸಿಲ್ ಸಾಕು. ಬೊಂಡವನ್ನು ಬೆಂಚಿನ ಮೇಲೆ, ಕಿಟಕಿ ಎಡಗಡೆ ಬರುವಂತೆ ಇಟ್ಟು, ಕೋಣೆಯ ದೀಪ ಆರಿಸಬೇಕು. ಎರಡು ಕಡೆಯಿಂದ ಬೆಳಕು ಬಿದ್ದರೆ ನೆರಳೂ ಎರಡಾಗಿ ಗೊಂದಲವಾಗುತ್ತದೆ. ಮೊದಲು ಹೊರಗೆರೆಯನ್ನು ತೀರಾ ಹಗುರವಾಗಿ ಎಳೆಯಿರಿ. ಆಮೇಲೆ ಕಣ್ಣು ಅರ್ಧ ಮುಚ್ಚಿ ನೋಡಿದರೆ ವಿವರಗಳು ಮಸುಕಾಗಿ ಐದು ಭಾಗಗಳು ಕಾಣುತ್ತವೆ. ಎಡ ಮೇಲ್ಭಾಗದಲ್ಲಿ ಬೆಳಕು ನೇರ ಬಿದ್ದ ಜಾಗ, ಅಲ್ಲಿ ಕಾಗದ ಬಿಳಿಯಾಗಿಯೇ ಉಳಿಯಲಿ. ಅದರ ಸುತ್ತ ನಡುಛಾಯೆ, 2ಬಿಯ ಒಂದು ಪದರ. ಬಲಕ್ಕೆ ಮೈ ತಿರುಗುವಲ್ಲಿ ಅತಿ ಗಾಢವಾದ ಪಟ್ಟಿ, ಅಲ್ಲಿಗೆ 6ಬಿ. ಅದನ್ನೂ ದಾಟಿ ಬಲ ಅಂಚಿಗೆ ಹೋದರೆ ಮತ್ತೆ ತುಸು ತಿಳಿ, ಏಕೆಂದರೆ ಬೆಂಚಿಗೆ ಬಡಿದ ಬೆಳಕು ಅಲ್ಲಿಗೆ ಹಿಂತಿರುಗುತ್ತದೆ. ಕೊನೆಗೆ ಬೆಂಚಿನ ಮೇಲೆ ಬೀಳುವ ನೆರಳು. ಬೊಂಡ ತಾಗುವಲ್ಲಿ ಅದು ಕಡುಕಪ್ಪು, ದೂರ ಹೋದಂತೆ ತಿಳಿಯಾಗಿ ಅಂಚು ಮಸುಕಾಗುತ್ತದೆ.

ಕೆಡುವುದು ಸಾಮಾನ್ಯವಾಗಿ ಮೂರು ಕಡೆ. ಹೊರಗೆರೆಯನ್ನು ಸುತ್ತ ಕಪ್ಪಾಗಿ ತಿದ್ದಿದರೆ ಬೊಂಡ ಚಪ್ಪಟೆಯಾಗುತ್ತದೆ. ಬೆಂಚಿನ ನೆರಳು ಬಿಟ್ಟುಹೋದರೆ ಅದು ಗಾಳಿಯಲ್ಲಿ ತೇಲುತ್ತದೆ. ಬೆರಳಿನಿಂದ ಉಜ್ಜಿದರೆ ಎಲ್ಲ ಭಾಗವೂ ಒಂದೇ ಬೂದಿಯಾಗಿ, ಬಿಳಿಯೂ ಇಲ್ಲ ಕಪ್ಪೂ ಇಲ್ಲ. ಮಂಗಳೂರಿನ ಸಂತ ಅಲೋಶಿಯಸ್ ಚಾಪೆಲ್‌ನ ಒಳಗೆ 1900ರ ಆಸುಪಾಸಿನಲ್ಲಿ ಇಟಲಿಯ ಅಂತೋನಿಯೊ ಮೊಸ್ಕೇನಿ ಬರೆದ ಚಿತ್ರಗಳನ್ನು ನೋಡಲು ಹೋದಾಗ, ಬಟ್ಟೆಯ ಮಡಿಕೆಗಳಲ್ಲಿ ಈ ಐದೂ ಭಾಗಗಳನ್ನು ಹುಡುಕಬಹುದು.

ಬಣ್ಣ: ಪರದೆಯದು ಬೇರೆ, ಶಾಯಿಯದು ಬೇರೆ

ಪ್ರತಿ ಬಣ್ಣಕ್ಕೂ ಮೂರು ಗುಣ. ಅದು ಯಾವ ಕುಟುಂಬದ್ದು, ಎಷ್ಟು ಗಾಢ, ಎಷ್ಟು ಪ್ರಖರ. ಕುಂಕುಮವೂ ಹೆಂಚೂ ಕೆಂಪಿನ ಕುಟುಂಬದವೇ. ಕುಂಕುಮ ಪ್ರಖರ, ಹೆಂಚು ಮಂದ. (1865ರಲ್ಲಿ ಬಾಸೆಲ್ ಮಿಶನ್ ಕಾರ್ಖಾನೆಯಿಂದ ಶುರುವಾದ ಮಂಗಳೂರು ಹೆಂಚಿಗೆ ಆ ಕೆಂಪು ಬಂದದ್ದು ಹಚ್ಚಿದ ಬಣ್ಣದಿಂದಲ್ಲ. ಜೇಡಿಮಣ್ಣಿನಲ್ಲಿರುವ ಕಬ್ಬಿಣದ ಅಂಶ ಸುಟ್ಟಾಗ ಕೆಂಪಾಗುತ್ತದೆ.)

ಹ್ಯಾಂಡ್‌ಬಿಲ್‌ಗಳಲ್ಲಿ ಹೆಚ್ಚಾಗಿ ಕಾಣುವ ತಪ್ಪೆಂದರೆ ಕಡುಹಸಿರಿನ ಮೇಲೆ ಕೆಂಪು ಅಕ್ಷರ. ಎರಡೂ ಬೇರೆ ಬೇರೆ ಬಣ್ಣವಾದ್ದರಿಂದ ಎದ್ದು ಕಾಣಬೇಕು ಎಂದು ಅನ್ನಿಸುತ್ತದೆ. ಆದರೆ ಎರಡರ ಛಾಯೆ ಹತ್ತಿರ ಹತ್ತಿರ ಒಂದೇ. ಕಣ್ಣು ಅಕ್ಷರದ ಅಂಚನ್ನು ಹಿಡಿಯುವುದು ಮುಖ್ಯವಾಗಿ ತಿಳಿ ಗಾಢಗಳ ವ್ಯತ್ಯಾಸದಿಂದ, ಆದ್ದರಿಂದ ಓದಲು ಕಷ್ಟ. ಕೆಂಪು ಹಸಿರು ಬೇರೆ ಮಾಡಿ ನೋಡಲಾಗದವರಿಗಂತೂ ಅಕ್ಷರ ಮಾಯವೇ ಆಗಬಹುದು. ಪರೀಕ್ಷೆ ಸುಲಭ: ಸ್ಕ್ರೀನ್‌ಶಾಟ್ ತೆಗೆದು, ಫೋನಿನ ಫೋಟೊ ಎಡಿಟರ್‌ನಲ್ಲಿ ಕಪ್ಪು ಬಿಳುಪು ಮಾಡಿ. ಆಗಲೂ ಓದಲು ಬಂದರೆ ಬಣ್ಣದ ಜೋಡಿ ಸರಿ. ಹುಲಿವೇಷದ ಹಳದಿ ಕಪ್ಪು ಈ ಪರೀಕ್ಷೆಯಲ್ಲಿ ಎಂದೂ ಸೋಲುವುದಿಲ್ಲ. ಬಿಳಿಯ ಮೇಲೆ ಹಳದಿ ಸೋಲುತ್ತದೆ. ವೈದೃಶ್ಯ ಎಂಬ ತತ್ವದ ತಿರುಳೂ ಇಷ್ಟೇ: ಪಕ್ಕಪಕ್ಕದ ಎರಡು ವಸ್ತುಗಳ ನಡುವೆ ಸ್ಪಷ್ಟವಾದ ವ್ಯತ್ಯಾಸ ಬೇಕು.

ಇನ್ನೊಂದು ದೂರು ಪ್ರೆಸ್ಸಿನವರು ದಿನವೂ ಕೇಳುವಂಥದ್ದು: ಫೋನಿನಲ್ಲಿ ಗಿಳಿಹಸಿರು ಹೊಳೆಯುತ್ತಿತ್ತು, ಪ್ರಿಂಟ್ ಆಗಿ ಬಂದಾಗ ಬಾಡಿದ ಎಲೆಯಂತಿದೆ. ಇದು ಪ್ರೆಸ್ಸಿನ ತಪ್ಪಲ್ಲ. ಪರದೆ ಕೆಂಪು, ಹಸಿರು, ನೀಲಿ ಬೆಳಕುಗಳನ್ನು ಕೂಡಿಸಿ ಬಣ್ಣ ತೋರಿಸುತ್ತದೆ. ಮೂರೂ ಸೇರಿದರೆ ಬಿಳಿ. ಕಾಗದದಲ್ಲಿ ಬೆಳಕಿಲ್ಲ. ಸಯಾನ್, ಮಜೆಂಟಾ, ಹಳದಿ, ಕಪ್ಪು ಎಂಬ ನಾಲ್ಕು ಶಾಯಿಗಳು ಬಿದ್ದ ಬೆಳಕಿನಲ್ಲಿ ಒಂದಷ್ಟನ್ನು ಹೀರಿ, ಉಳಿದದ್ದನ್ನು ನಮ್ಮ ಕಣ್ಣಿಗೆ ಬಿಡುತ್ತವೆ. ಹಾಗಾಗಿ ಪರದೆಯ ಪ್ರಖರ ಹಸಿರು, ನೀಲಿಗಳಿಗೆ ಶಾಯಿ ತಲುಪಲಾರದು. ಅಚ್ಚಿಗೆ ಹೋಗುವ ಫೈಲನ್ನು ಮೊದಲಿನಿಂದಲೇ ಈ ನಾಲ್ಕು ಶಾಯಿಗಳ ಲೆಕ್ಕವಾದ ಸಿಎಂವೈಕೆಯಲ್ಲಿ ಮಾಡಬೇಕು, ಇಲ್ಲವೇ ಪ್ರೆಸ್ಸಿನವರಿಂದ ಒಂದು ಮಾದರಿ ಪ್ರತಿ ತೆಗೆಸಿ ನೋಡಬೇಕು. ಸಣ್ಣ ಅಕ್ಷರಗಳಿಗೆ ಬರಿಯ ಕಪ್ಪು ಶಾಯಿ ಸಾಕು. ನಾಲ್ಕೂ ಶಾಯಿ ಸೇರಿಸಿದ ಕಪ್ಪು ಹಾಕಿದರೆ, ಒಂದು ಶಾಯಿ ಕೂದಲೆಳೆಯಷ್ಟು ಸರಿದರೂ ಅಕ್ಷರದ ಅಂಚಿಗೆ ಬಣ್ಣದ ಮಂಜು ಬರುತ್ತದೆ.

ಮೇಲ್ಮೈ ಮತ್ತು ಜಾಗ

ಮುಟ್ಟಿದರೆ ಒರಟೋ ನುಣುಪೋ ಎಂಬುದನ್ನು ಕಣ್ಣಿಗೆ ತೋರಿಸುವುದು ಬೆಳಕಿನ ಕೋನ. ಮಳೆಗಾಲದ ಆಟಿ ತಿಂಗಳಲ್ಲಿ ಮೋಡ ಮುಚ್ಚಿದ ದಿನ ಗಾರೆ ಮಾಡದ ಮುರಕಲ್ಲಿನ ಗೋಡೆಯನ್ನು ನೋಡಿದರೆ ಬರಿಯ ಕೆಂಪು ಹಾಳೆ. ಅದೇ ಗೋಡೆಗೆ ಡಿಸೆಂಬರಿನ ಸಂಜೆಯ ಬಿಸಿಲು ಓರೆಯಾಗಿ ಬಿದ್ದಾಗ ಒಂದೊಂದು ತೂತಿಗೂ ನೆರಳು ಹುಟ್ಟಿ, ಗೋಡೆ ಕೈಗೆ ತರಚುವಂತೆ ಕಾಣುತ್ತದೆ. ಯಕ್ಷಗಾನದ ಬಣ್ಣದ ವೇಷಕ್ಕೆ, ಅಂದರೆ ರಾಕ್ಷಸ ಪಾತ್ರಗಳಿಗೆ, ಅಕ್ಕಿಹಿಟ್ಟು, ಸುಣ್ಣದ ಮಿಶ್ರಣದಿಂದ ಮುಖದ ಮೇಲೆ ಇಡುವ ಚುಟ್ಟಿಯೂ ಹೀಗೆಯೇ ಕೆಲಸ ಮಾಡುತ್ತದೆ. ಅದು ಬಳಿದ ಚುಕ್ಕಿಯಲ್ಲ, ಉಬ್ಬಿ ನಿಲ್ಲುವ ಚುಕ್ಕಿ. ಬಿಳಿಯಾಗಿ ಬೆಳಕು ಹಿಡಿಯುತ್ತದೆ, ಬುಡದಲ್ಲಿ ಸಣ್ಣ ನೆರಳು ಚೆಲ್ಲುತ್ತದೆ. ಅದರಿಂದಲೇ ರಂಗಸ್ಥಳದಿಂದ ಬಹು ದೂರ ಕೂತವರಿಗೂ ಆ ಮುಖ ಉಗ್ರವಾಗಿ ತೋರುತ್ತದೆ.

ಜಾಗ ಎಂದರೆ ವಸ್ತುವಿನ ಸುತ್ತಲಿನ ಖಾಲಿ, ಮತ್ತು ಚಿತ್ರದೊಳಗಿನ ದೂರ. ದೂರ ತೋರಿಸುವುದಕ್ಕೆ ಮಲ್ಪೆ ಕಡಲತೀರಕ್ಕಿಂತ ಒಳ್ಳೆಯ ಪಾಠಶಾಲೆಯಿಲ್ಲ. ಮರಳಲ್ಲಿ ನಿಂತರೆ ಕಡಲಂಚು ಸರಿಯಾಗಿ ನಿಮ್ಮ ಕಣ್ಣಿನ ಮಟ್ಟಕ್ಕಿರುತ್ತದೆ. ನಿಮ್ಮಷ್ಟೇ ಎತ್ತರದ ಜನ ಹತ್ತು ಹೆಜ್ಜೆ ದೂರವಿರಲಿ, ನೂರು ಹೆಜ್ಜೆ ದೂರವಿರಲಿ, ಆ ಗೆರೆ ಎಲ್ಲರ ಕಣ್ಣಿನ ಮೇಲೆಯೇ ಹಾಯುತ್ತದೆ. ದೂರದವರ ಕಾಲು ಮಾತ್ರ ಮೇಲೆ ಮೇಲೆ ಬರುತ್ತದೆ. ಮರಳಲ್ಲಿ ಕೂತುಬಿಡಿ, ಕಡಲಂಚೂ ನಿಮ್ಮ ಜೊತೆ ಇಳಿದು ನಿಂತವರ ಸೊಂಟಕ್ಕೆ ಬರುತ್ತದೆ. ಮಕ್ಕಳ ಬೀಚ್ ಚಿತ್ರದಲ್ಲಿ ದೂರದವರು ಕುಳ್ಳರಂತೆ ಕಾಣುವುದು, ಅವರ ತಲೆಯನ್ನು ಈ ಗೆರೆಯಿಂದ ಕೆಳಗೆ ಇಳಿಸಿದ್ದರಿಂದ. ಘಟ್ಟದ ಬೆಟ್ಟಗಳು ದೂರ ಹೋದಂತೆ ನೀಲಿಯಾಗಿ ತಿಳಿಯಾಗುವುದೂ ದೂರದ ಗುರುತೇ. ನಡುವಿನ ಗಾಳಿ ಬೆಳಕನ್ನು ಚದುರಿಸುತ್ತದೆ.

ಹ್ಯಾಂಡ್‌ಬಿಲ್‌ನಲ್ಲಿ ಖಾಲಿ ಜಾಗವನ್ನು ದುಡ್ಡು ದಂಡವೆಂದು ತುಂಬಿಸುವ ರೂಢಿ ಇದೆ. ಕನ್ನಡಕ್ಕಂತೂ ಖಾಲಿ ಇನ್ನೂ ಹೆಚ್ಚು ಬೇಕು. 'ಸಾಂಸ್ಕೃತಿಕ', 'ರಾಷ್ಟ್ರ' ಇಂಥ ಪದಗಳ ಒತ್ತುಗಳು ಸಾಲಿನ ಕೆಳಗೆ ಇಳಿಯುತ್ತವೆ, ಕೆಳಗಿನ ಸಾಲಿನ ಗುಡಿಸುಗಳು ಮೇಲೇರುತ್ತವೆ. ಅಕ್ಷರ 12 ಪಾಯಿಂಟ್ ಇದ್ದರೆ ಸಾಲಿನ ಅಂತರ 18ರಿಂದ 20 ಪಾಯಿಂಟ್ ಇಡಬೇಕು. ಇಂಗ್ಲಿಷಿಗೆಂದು ಹೊಂದಿಸಿದ ಟೆಂಪ್ಲೇಟಿನಲ್ಲಿ ಅಂತರ ಅಷ್ಟಿರುವುದಿಲ್ಲ. ಹಾಗಾಗಿಯೇ ಕನ್ನಡ ಹಾಕಿದ ಕೂಡಲೇ ಸಾಲುಗಳು ಒಂದಕ್ಕೊಂದು ತಾಗುತ್ತವೆ.

ಕಣ್ಣು ಮೊದಲು ಎಲ್ಲಿಗೆ ಹೋಗಬೇಕು

ಉಡುಪಿಯಲ್ಲಿ ಕೃಷ್ಣನ ದರ್ಶನ ನವಗ್ರಹ ಕಿಂಡಿಯ ಒಂಬತ್ತು ರಂಧ್ರಗಳ ಮೂಲಕ. ಸುತ್ತಲಿನದೆಲ್ಲ ಮರೆಯಾಗಿ, ನೋಡಬೇಕಾದದ್ದು ಮಾತ್ರ ಉಳಿಯುತ್ತದೆ. ಪ್ರಾಧಾನ್ಯ ಎಂಬ ತತ್ವವನ್ನು ಇದಕ್ಕಿಂತ ಚೆನ್ನಾಗಿ ತೋರಿಸುವ ಉದಾಹರಣೆ ಸಿಗಲಾರದು. ಒಂದನ್ನು ಮುಂದೆ ತರುವುದೆಂದರೆ ಉಳಿದದ್ದನ್ನು ಹಿಂದೆ ಸರಿಸುವುದು.

ಆಟದ ಹ್ಯಾಂಡ್‌ಬಿಲ್‌ನಲ್ಲಿ ಓದುವವರಿಗೆ ಬೇಕಾದದ್ದು ಯಾವ ಮೇಳ, ಯಾವ ಪ್ರಸಂಗ, ಎಂದು, ಎಷ್ಟು ಗಂಟೆಗೆ, ಎಲ್ಲಿ ಎಂಬುದು. ಅತಿಥಿಗಳ ಹೆಸರು, ಸಹಕರಿಸಿದವರ ಪಟ್ಟಿ ಆಮೇಲೆ. ಮೂರೇ ಹಂತ ಮಾಡಿಕೊಳ್ಳುವುದು ಒಳ್ಳೆಯದು, ಮತ್ತು ಪ್ರತಿ ಹಂತವೂ ಕೆಳಗಿನದಕ್ಕಿಂತ ಸುಮಾರು ಎರಡು ಪಟ್ಟು ಇರಲಿ. ಎ4 ಹಾಳೆಯಲ್ಲಿ ಪ್ರಸಂಗದ ಹೆಸರು 48 ಪಾಯಿಂಟ್, ದಿನ ಸಮಯ ಸ್ಥಳ 24, ಉಳಿದದ್ದು 12. ಹದಿನಾರು ಮತ್ತು ಹದಿನಾಲ್ಕು ಇಟ್ಟರೆ ಬೇಕೆಂದೇ ಮಾಡಿದ ವ್ಯತ್ಯಾಸವೆಂದು ಯಾರಿಗೂ ಅನ್ನಿಸುವುದಿಲ್ಲ, ಕೈತಪ್ಪಿನಂತೆ ಕಾಣುತ್ತದೆ. ಎಲ್ಲ ಹೆಸರೂ ದಪ್ಪಕ್ಷರದಲ್ಲಿದ್ದರೆ ಯಾವುದೂ ದಪ್ಪವಲ್ಲ.

ರಸ್ತೆಬದಿಯ ಬ್ಯಾನರಿಗೆ ಲೆಕ್ಕ ಬೇರೆ. ಹತ್ತು ಅಡಿ ದೂರಕ್ಕೆ ಒಂದು ಇಂಚು ಎತ್ತರದ ಅಕ್ಷರ ಎಂಬುದು ಬೋರ್ಡ್ ಬರೆಯುವವರ ಅಂದಾಜು. 60 ಅಡಿ ದೂರದಿಂದ ಓದಬೇಕಾದರೆ ಆರು ಇಂಚು. ಒತ್ತಕ್ಷರ ಹೆಚ್ಚಿದ್ದರೆ ಇನ್ನೂ ತುಸು ದೊಡ್ಡದಾಗಲಿ. ಗಂಟೆಗೆ 40 ಕಿಲೋಮೀಟರ್ ವೇಗದ ಬಸ್ಸು ಸೆಕೆಂಡಿಗೆ 11 ಮೀಟರ್ ಸಾಗುತ್ತದೆ, ಕಿಟಕಿಯಲ್ಲಿ ಕೂತವರಿಗೆ ಸಿಗುವುದು ಎರಡು ಮೂರು ಸೆಕೆಂಡ್. ಅಷ್ಟರಲ್ಲಿ ಆರೇಳು ಪದಕ್ಕಿಂತ ಹೆಚ್ಚು ಓದಲಾಗದು.

ತೂಕ ಮತ್ತು ಅಳತೆ

ಸಮತೋಲನ ದೋಣಿಯ ಲೆಕ್ಕ. ಎರಡು ಬದಿಗೂ ಒಂದೇ ತೂಕ ಹಾಕಬಹುದು. ರಂಗೋಲಿ, ಗುಡಿಯ ಮುಖಮಂಟಪ, ಮದುವೆ ಕಾಗದ ಹೀಗಿರುತ್ತವೆ. ಇಲ್ಲವೇ ಒಂದು ಬದಿ ಬಲೆಯ ರಾಶಿ, ಇನ್ನೊಂದು ಬದಿ ಜನ. ತೂಕದ ವಸ್ತು ಬೇರೆಯಾದರೂ ದೋಣಿ ವಾಲುವುದಿಲ್ಲ. ಚಿತ್ರದಲ್ಲಿ ಗಾಢವಾದದ್ದು, ಪ್ರಖರವಾದದ್ದು, ಮುಖವಿರುವ ಫೋಟೊ ಇವು ಭಾರ. ಎಡಕ್ಕೆ ದೊಡ್ಡ ವೇಷದ ಫೋಟೊ ಇಟ್ಟರೆ ಬಲಕ್ಕೆ ದಟ್ಟ ಅಕ್ಷರಗಳ ಗುಂಪು ಬೇಕು.

ಪ್ರಮಾಣ ಎಂದರೆ ಒಂದಕ್ಕೆ ಇನ್ನೊಂದು ಎಷ್ಟು ದೊಡ್ಡದು ಎಂಬುದು. ನಮ್ಮ ಶಿಲ್ಪಿಗಳ ಅಳತೆಗೋಲು ತಾಳ. ಮುಖದ ಉದ್ದ ಒಂದು ತಾಳ, ಅದು 12 ಅಂಗುಲ. ನವತಾಳದ ವಿಗ್ರಹವೆಂದರೆ ಒಟ್ಟು 108 ಅಂಗುಲ. ಅಂಗುಲವೂ ಇಲ್ಲಿ ಆ ವಿಗ್ರಹದ್ದೇ ಭಾಗ, ಆದ್ದರಿಂದ ವಿಗ್ರಹ ಗೇಣುದ್ದವಿದ್ದರೂ ಆಳೆತ್ತರವಿದ್ದರೂ ಲೆಕ್ಕ ಕೆಡುವುದಿಲ್ಲ. ಮುಖ ಬರೆಯುವಾಗ ಎಲ್ಲರೂ ಮಾಡುವ ತಪ್ಪು ಕಣ್ಣನ್ನು ತುಂಬ ಮೇಲಿಡುವುದು. ನೆತ್ತಿಯಿಂದ ಗಲ್ಲದವರೆಗೆ ಅಳೆದರೆ ಕಣ್ಣು ಸರಿಸುಮಾರು ನಡುವೆಯೇ ಇರುತ್ತದೆ. ಹ್ಯಾಂಡ್‌ಬಿಲ್‌ನಲ್ಲಿ ಪ್ರಮಾಣ ಕೆಡುವುದು ಫೋಟೊಗಳಲ್ಲಿ. ಪಕ್ಕದ ಹಿಡಿಕೆ ಎಳೆದರೆ ಮುಖ ಅಗಲವಾಗುತ್ತದೆ, ಮೂಲೆಯದನ್ನೇ ಎಳೆಯಬೇಕು. ಸಾಲಾಗಿ ನಾಲ್ಕು ಜನರ ಫೋಟೊ ಇದ್ದರೆ ಚೌಕಟ್ಟು ಸಮವಾದರೆ ಸಾಲದು, ನೆತ್ತಿಯಿಂದ ಗಲ್ಲದ ಅಳತೆ ಸಮವಾಗಬೇಕು.

ಲಯ, ಏಕತೆ

ಒಂದೇ ವಸ್ತು ಗೊತ್ತಾದ ಅಂತರಕ್ಕೆ ಮರಳಿ ಬಂದರೆ ಲಯ, ಚೆಂಡೆಯ ಪೆಟ್ಟಿನಂತೆ, ಮಾಡಿನ ಹೆಂಚಿನ ಸಾಲಿನಂತೆ. ಮರಳಿ ಬರುವುದೇ ಆದರೆ ಬೇಸರ. ಮೂಡುಬಿದಿರೆಯ ಸಾವಿರ ಕಂಬದ ಬಸದಿ (1430) ಈ ಬೇಸರಕ್ಕೆ ಮದ್ದು ತೋರಿಸುತ್ತದೆ. ದೂರದಿಂದ ಕಂಬಗಳದು ಒಂದೇ ನಡೆ. ಹತ್ತಿರ ಹೋದರೆ ಒಂದರ ಕೆತ್ತನೆಯಂತೆ ಇನ್ನೊಂದರದಿಲ್ಲ ಎಂದು ಜನ ಬೆರಗಾಗುತ್ತಾರೆ. ಏಕತೆ ಉಳಿದದ್ದು ಕಂಬಗಳ ಅಂತರದಿಂದ ಮತ್ತು ಒಂದೇ ಬಗೆಯ ಕಲ್ಲಿನಿಂದ. ಹ್ಯಾಂಡ್‌ಬಿಲ್‌ಗೆ ಇದನ್ನು ಇಳಿಸಿದರೆ: ಎರಡಕ್ಕಿಂತ ಹೆಚ್ಚು ಬಗೆಯ ಅಕ್ಷರ ಬೇಡ, ಮೂರಕ್ಕಿಂತ ಹೆಚ್ಚು ಬಣ್ಣ ಬೇಡ, ಎಡ ಅಂಚು ಎಲ್ಲ ಸಾಲಿಗೂ ಒಂದೇ ಇರಲಿ.

ಪ್ರೆಸ್ಸಿಗೆ ಕೊಡುವ ಮುನ್ನ

ಕೈಯಲ್ಲಿ ಹಿಡಿದು ಓದುವ ಎ4 ಹಾಳೆಗೆ (210×297 ಮಿ.ಮೀ.) ಇಂಚಿಗೆ 300 ಚುಕ್ಕಿ ಬೇಕು, ಅಂದರೆ 2480×3508 ಪಿಕ್ಸೆಲ್. ಎರಡು ಇಂಚು ಅಗಲಕ್ಕೆ ಅಚ್ಚಾಗುವ ಫೋಟೊ 600 ಪಿಕ್ಸೆಲ್ ಅಗಲವಾದರೂ ಇರಬೇಕು. ವಾಟ್ಸಾಪಿನಲ್ಲಿ ಫೋಟೊ ಎಂದು ಕಳಿಸಿದರೆ ಕುಗ್ಗುತ್ತದೆ, ಡಾಕ್ಯುಮೆಂಟ್ ಎಂದು ಕಳಿಸಿದರೆ ಹಾಗೇ ಉಳಿಯುತ್ತದೆ. ಹಿನ್ನೆಲೆಯ ಬಣ್ಣವನ್ನು ಎಲ್ಲ ಬದಿಗೂ 3 ಮಿ.ಮೀ. ಹೊರಗೆ ಚಾಚಬೇಕು, ಇಲ್ಲವಾದರೆ ಕಟಿಂಗ್ ಮಾಡುವಾಗ ತುಸು ಸರಿದರೂ ಅಂಚಿಗೆ ಬಿಳಿ ಗೆರೆ ಬರುತ್ತದೆ. ಕೆಲವು ಆ್ಯಪ್‌ಗಳು ಒತ್ತಕ್ಷರ ಕೂಡಿಸುವುದಿಲ್ಲ, 'ಕೃಷ್ಣ' ಎಂಬುದು 'ಕೃಷ್‌ಣ' ಆಗಿ ಬೀಳುತ್ತದೆ. ಆದ್ದರಿಂದ ಟೈಪ್ ಮಾಡಿದ್ದನ್ನು ಓದಿದರೆ ಸಾಲದು, ಪಿಡಿಎಫ್ ತೆಗೆದ ಮೇಲೆ ಇನ್ನೊಮ್ಮೆ ಅಕ್ಷರ ಅಕ್ಷರವಾಗಿ ಓದಬೇಕು.

ಕೊನೆಗೆ ಕಪ್ಪು ಬಿಳುಪಿನಲ್ಲಿ ಒಂದು ಪ್ರತಿ ತೆಗೆದು, ಕಾರ್ಯಕ್ರಮದ ವಿಷಯವೇ ಗೊತ್ತಿಲ್ಲದ ಒಬ್ಬರ ಕೈಗೆ ಕೊಟ್ಟು, ಐದು ಎಣಿಸಿ ಹಿಂದಕ್ಕೆ ತೆಗೆದುಕೊಳ್ಳಿ. ಯಾವ ಪ್ರಸಂಗ, ಎಂದು, ಎಲ್ಲಿ ಎಂದು ಕೇಳಿ. ಮೂರಕ್ಕೂ ಉತ್ತರ ಬಂದರೆ ಫೈಲು ಪ್ರೆಸ್ಸಿಗೆ ಹೋಗಬಹುದು. ಅಧ್ಯಕ್ಷರ ಹೆಸರು ಮಾತ್ರ ನೆನಪಾಯಿತೆಂದರೆ 48, 24, 12ರ ಲೆಕ್ಕಕ್ಕೆ ಮರಳಬೇಕು.